ಫೋನ್ ಕಿತ್ತುಕೊಳ್ಳಬೇಡಿ, ಮೆಸೇಜ್ ಅಳಿಸಬೇಡಿ: ಮಕ್ಕಳಿಗೆ ಆನ್‌ಲೈನ್ ಕಾಟ ಶುರುವಾದಾಗ ಮುಂಬಯಿಯಲ್ಲಿ ಏನು ಮಾಡಬೇಕು

ಕನ್ನಡ ಸಂಘದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಾಗ ಯಾರಾದರೊಬ್ಬರು ಮೆಲ್ಲಗೆ ಪಕ್ಕಕ್ಕೆ ಕರೆಯುತ್ತಾರೆ. ಮಾಟುಂಗದಲ್ಲೂ ಹೀಗೆ, ಡೊಂಬಿವಲಿಯಲ್ಲೂ ಹೀಗೆ. "ಮಗಳ ಫೋಟೊ ಹಾಕಿ ಯಾರೋ ಇನ್‌ಸ್ಟಾಗ್ರಾಂ ಖಾತೆ ತೆರೆದಿದ್ದಾರೆ ಮಾರಾಯ್ರೆ, ಏನು ಮಾಡೋದು?" "ಕ್ಲಾಸಿನ ಗ್ರೂಪಿನಲ್ಲಿ ಹುಡುಗನ ಮುಖಕ್ಕೆ ಇಡ್ಲಿ ಅಂಟಿಸಿ ನಗ್ತಾರೆ, ಇದಕ್ಕೆಲ್ಲ ಪೊಲೀಸರ ಹತ್ತಿರ ಹೋಗ್ಲಿಕ್ಕಾಗ್ತದಾ?" ಕೇಳುವವರು ಬೇರೆ ಬೇರೆ, ಉತ್ತರ ಹೆಚ್ಚುಕಡಿಮೆ ಒಂದೇ. ಅದಕ್ಕೇ ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಓದುವ ಮೊದಲು ಒಂದು ಮಾತು. ನಿಮ್ಮ ಮಗು ಸಾಯುವ ಮಾತಾಡುತ್ತಿದ್ದರೆ, ತನಗೆ ತಾನೇ ನೋವು ಮಾಡಿಕೊಳ್ಳುತ್ತಿದ್ದರೆ, ಮಿಕ್ಕಿದ್ದೆಲ್ಲ ಬಿಟ್ಟು ನೇರವಾಗಿ 6ನೇ ಹಂತಕ್ಕೆ ಹೋಗಿ. ದೂರು, ಸಾಕ್ಷಿ ಎಲ್ಲ ನಾಳೆಗೆ ಕಾಯುತ್ತವೆ.

ಕೀಟಲೆಯೋ, ಕಾಟವೋ?

ಮಕ್ಕಳು ಒಬ್ಬರನ್ನೊಬ್ಬರು ರೇಗಿಸುವುದು ಹೊಸದಲ್ಲ. ಕಾಟ ಯಾವಾಗ ಆಗುತ್ತದೆ ಎನ್ನುವುದಕ್ಕೆ ನಾರ್ವೆಯಲ್ಲಿ ಶಾಲಾಮಕ್ಕಳನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಡ್ಯಾನ್ ಓಲ್ವೇಯಸ್ ಹಾಕಿಕೊಟ್ಟ ಮೂರು ಗುರುತುಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ: ನೋಯಿಸಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ನೋಯುವವನು ಎದುರು ನಿಲ್ಲಲಾಗದ ಸ್ಥಿತಿಯಲ್ಲಿರುವುದು. ಫೋನಿನಲ್ಲಿ ಎರಡನೆಯ ಗುರುತು ಸ್ವಲ್ಪ ಬೇರೆ ಥರ ಕೆಲಸ ಮಾಡುತ್ತದೆ. ಒಬ್ಬ ಒಂದೇ ಸಲ ಫೋಟೊ ಹಾಕಿದರೂ ನಲವತ್ತು ಜನ ಫಾರ್ವರ್ಡ್ ಮಾಡಿದರೆ ಪೆಟ್ಟು ನಲವತ್ತು ಸಲ ಬೀಳುತ್ತದೆ.

ಇನ್ನೊಂದು ವ್ಯತ್ಯಾಸವಿದೆ. ನಮ್ಮ ಕಾಲದಲ್ಲಿ ಶಾಲೆಯ ಪುಂಡ ಶಾಲೆಯಲ್ಲೇ ಉಳಿಯುತ್ತಿದ್ದ, ಮನೆಯ ಹೊಸ್ತಿಲು ದಾಟಿದರೆ ಜೀವ ನಿರಾಳ. ಈಗ ಅವನು ದಿಂಬಿನ ಕೆಳಗೂ ಇರುತ್ತಾನೆ.

1. ಮೊದಲ ಒಂದು ಗಂಟೆ

ಮಗು ಹೇಳಿಕೊಂಡಿತು ಅನ್ನಿ. ನಿಮ್ಮ ಬಾಯಿಂದ ಬರುವ ಮೊದಲ ಮಾತು "ನೀನೇನು ಮಾಡಿದ್ದೆ?" ಆಗಿರಬಾರದು. "ಹೇಳಿದ್ದು ಒಳ್ಳೇದಾಯ್ತು, ನಾನಿದ್ದೇನೆ" ಎಂದರೆ ಸಾಕು. ಆಮೇಲೆ ಸುಮ್ಮನೆ ಕೇಳಿ.

ಮಕ್ಕಳು ತಿಂಗಳುಗಟ್ಟಲೆ ಬಾಯಿ ಬಿಡದಿರುವುದಕ್ಕೆ ದೊಡ್ಡ ಕಾರಣ ಅಪ್ಪ-ಅಮ್ಮ ಫೋನ್ ಕಿತ್ತುಕೊಳ್ಳುತ್ತಾರೆ ಎಂಬ ಭಯ. ಫೋನ್ ಹೋದರೆ ಕಾಟ ಕೊಡುವವರ ಜೊತೆಗೆ ಒಳ್ಳೆಯ ಗೆಳೆಯರೂ ಹೋಗುತ್ತಾರೆ, ಟ್ಯೂಶನ್ ನೋಟ್ಸೂ ಹೋಗುತ್ತದೆ. ತಪ್ಪು ಮಾಡಿದವನ ಕೈಯಲ್ಲಿ ಫೋನ್ ಇದೆ, ಶಿಕ್ಷೆ ಮಾತ್ರ ನನಗೆ ಎಂದು ಮಗುವಿಗೆ ಅನಿಸಿದರೆ ಅದು ಸರಿಯೇ ಅಲ್ಲವೇ? ಮುಂದಿನ ಸಲ ಅದು ಹೇಳುವುದಿಲ್ಲ.

ಆ ಗಂಟೆಯಲ್ಲಿ ಮಾಡಬಾರದ ಇನ್ನೂ ಮೂರು ಕೆಲಸಗಳಿವೆ. ಕಾಟ ಕೊಟ್ಟ ಹುಡುಗನಿಗೆ ನೀವೇ ಮೆಸೇಜ್ ಕಳಿಸಿ ಬೈಯಬೇಡಿ, ನಿಮ್ಮ ಬೈಗುಳದ ಸ್ಕ್ರೀನ್‌ಶಾಟ್ ನಾಳೆ ಅವರ ಕಡೆಯ ಸಾಕ್ಷಿಯಾಗುತ್ತದೆ. ಅವನ ಮನೆಯ ಬೆಲ್ ಒತ್ತಲು ಹೋಗಬೇಡಿ. ಸಂಘದ ಅಥವಾ ಸಂಬಂಧಿಕರ ವಾಟ್ಸಾಪ್ ಗ್ರೂಪಿಗೆ "ಇದನ್ನು ಯಾರು ಮಾಡಿದ್ದು ಗೊತ್ತಾ?" ಎಂದು ಫೋಟೊ ಹಾಕಬೇಡಿ. ಈ ಮೂರನೆಯದನ್ನು ಮಾಡಿ ಪಶ್ಚಾತ್ತಾಪ ಪಡುವವರೇ ಹೆಚ್ಚು. ಸೋದರಮಾವ ಮೂಲ್ಕಿಗೆ ಕಳಿಸುತ್ತಾನೆ, ಮೂಲ್ಕಿಯಿಂದ ದುಬೈಗೆ ಹೋಗುತ್ತದೆ, ಕ್ಲಾಸಿನ ನಲವತ್ತು ಜನ ನೋಡಿದ್ದನ್ನು ನಾನೂರು ಜನ ನೋಡುತ್ತಾರೆ.

2. ಅಳಿಸುವ ಮೊದಲು ಕೂಡಿಡಿ

ಹೆಚ್ಚಿನ ದೂರುಗಳು ಸೋಲುವುದು ಇಲ್ಲೇ. ಮಗುವಿಗೆ ಅದನ್ನು ನೋಡಲಾಗದು, ಅಳಿಸಿಬಿಡುತ್ತದೆ. ಅಮ್ಮನಿಗೆ ನಾಚಿಕೆ, ಅವಳೂ ಅಳಿಸುತ್ತಾಳೆ. ಪೊಲೀಸರೆದುರು ಕೂತಾಗ ಕೈಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಬ್ಲಾಕ್ ಮಾಡುವುದಕ್ಕೂ, ರಿಪೋರ್ಟ್ ಒತ್ತುವುದಕ್ಕೂ ಮೊದಲು ಸಾಕ್ಷಿ.

ಸ್ಕ್ರೀನ್‌ಶಾಟ್ ತೆಗೆಯುವಾಗ ಮೆಸೇಜಿನ ಸಾಲು ಮಾತ್ರ ಕತ್ತರಿಸಿ ಇಡಬೇಡಿ. ಪರದೆ ಪೂರ್ತಿ ಬರಲಿ: ಕಳಿಸಿದವರ ಹೆಸರು, ದಿನಾಂಕ, ಗಂಟೆ, ಮೇಲೆ-ಕೆಳಗಿನ ನಾಲ್ಕು ಮಾತು. ನಿಮ್ಮ ಮಗು ತಿರುಗಿ ಬೈದಿದ್ದರೆ ಅದೂ ಇರಲಿ. ಅದನ್ನು ಮುಚ್ಚಿಟ್ಟು ಸಿಕ್ಕಿಬೀಳುವುದಕ್ಕಿಂತ ತೋರಿಸುವುದು ಮೇಲು.

ಇನ್‌ಸ್ಟಾಗ್ರಾಂನಲ್ಲಿ ಯೂಸರ್‌ನೇಮ್ ಯಾವಾಗ ಬೇಕಾದರೂ ಬದಲಾಯಿಸಬಹುದು. ಇವತ್ತು ಒಂದು ಹೆಸರು, ನಾಳೆ ಇನ್ನೊಂದು. ಹಾಗಾಗಿ ಪ್ರೊಫೈಲ್‌ನ ಲಿಂಕನ್ನೂ ಪ್ರತಿ ಪೋಸ್ಟಿನ ಲಿಂಕನ್ನೂ ಬೇರೆಯಾಗಿ ನಕಲು ಮಾಡಿ ಬರೆದಿಡಿ. ಪ್ರೊಫೈಲ್‌ನ ಮೂರು ಚುಕ್ಕೆ ಒತ್ತಿದರೆ ಖಾತೆಯ ಬಗೆಗಿನ ವಿವರ ಸಿಗುತ್ತದೆ, ಖಾತೆ ಯಾವ ತಿಂಗಳು ಶುರುವಾಯಿತು ಎನ್ನುವುದು ಅಲ್ಲಿರುತ್ತದೆ, ಅದನ್ನೂ ತೆಗೆಯಿರಿ. ವಾಟ್ಸಾಪ್ ಗ್ರೂಪಾದರೆ ಸದಸ್ಯರ ಪಟ್ಟಿ, ನಂಬರುಗಳು, ಅಡ್ಮಿನ್ ಯಾರು ಎಂಬುದು ಕಾಣುವಂತೆ ತೆಗೆದು, ಆಮೇಲೆ ಚಾಟ್ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಇಮೇಲಿಗೆ ಕಳಿಸಿಕೊಳ್ಳಿ. ಇದಾದ ಮೇಲೆಯೇ ಗ್ರೂಪಿನಿಂದ ಹೊರಬರುವುದು. ಸ್ನ್ಯಾಪ್‌ಚಾಟ್‌ನಲ್ಲಿ ಎಚ್ಚರ: ಸ್ಕ್ರೀನ್‌ಶಾಟ್ ತೆಗೆದರೆ ಎದುರಿನವರಿಗೆ ಸುದ್ದಿ ಹೋಗುತ್ತದೆ. ಮನೆಯ ಇನ್ನೊಂದು ಫೋನಿನಿಂದ ಪರದೆಯ ಫೋಟೊ ಹೊಡೆಯಿರಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಕು, ಗಂಟೆ, ಏನಾಯಿತು, ಯಾರು ನೋಡಿದರು, ಅಂದು ಮಗು ಶಾಲೆಗೆ ಹೋಯಿತೋ ಇಲ್ಲವೋ. ಕೊನೆಯ ಕಲಂ ಕ್ಷುಲ್ಲಕ ಅನಿಸಬಹುದು, ಆದರೆ ಕಾಟದ ಪರಿಣಾಮ ಎಷ್ಟು ಎನ್ನುವುದಕ್ಕೆ ಪ್ರಿನ್ಸಿಪಾಲರ ಮುಂದೆ ಅದಕ್ಕಿಂತ ಒಳ್ಳೆಯ ಲೆಕ್ಕವಿಲ್ಲ.

ಸಾಕ್ಷಿಯಿರುವ ಫೋನನ್ನು ಫಾರ್ಮ್ಯಾಟ್ ಮಾಡಬೇಡಿ, ಎಕ್ಸ್‌ಚೇಂಜ್ ಆಫರಿಗೆ ಕೊಡಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಸ್ಕ್ರೀನ್‌ಶಾಟ್ ಕೋರ್ಟಿನಲ್ಲಿ ನಿಲ್ಲಬೇಕಾದರೆ ಜೊತೆಗೊಂದು ಪ್ರಮಾಣಪತ್ರ ಬೇಕು, ಅದರಲ್ಲಿ ಯಾವ ಸಾಧನದಿಂದ ಬಂದಿದ್ದೆಂದು ಹೇಳಬೇಕಾಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಅಪವಾದ. ಹದಿನೆಂಟು ತುಂಬದ ಮಗುವಿನ ನಗ್ನ ಅಥವಾ ಅರೆನಗ್ನ ಚಿತ್ರವಾಗಿದ್ದರೆ, ಅದು ನಿಜದ್ದಾಗಿರಲಿ, ಮುಖ ಅಂಟಿಸಿದ ಮಾರ್ಫಿಂಗ್ ಆಗಿರಲಿ, ಎಐಯಿಂದ ಮಾಡಿದ ಡೀಪ್‌ಫೇಕ್ ಆಗಿರಲಿ, ಮೇಲೆ ಹೇಳಿದ ಯಾವುದನ್ನೂ ಆ ಚಿತ್ರಕ್ಕೆ ಮಾಡಬೇಡಿ. ಸ್ಕ್ರೀನ್‌ಶಾಟ್ ಬೇಡ, "ಸಾಕ್ಷಿಗಾಗಿ" ಅಣ್ಣನಿಗೆ ಫಾರ್ವರ್ಡ್ ಬೇಡ, ಟೀಚರಿಗೂ ಕಳಿಸಬೇಡಿ. ಅಂಥ ಚಿತ್ರವನ್ನು ಹಂಚುವುದು ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ) ಕಾಯ್ದೆ ಮತ್ತು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ಬಿ ಅಡಿಯಲ್ಲಿ ಅಪರಾಧ, ನೀವು ತಂದೆ ಎನ್ನುವುದು ರಿಯಾಯಿತಿಯಲ್ಲ. ಲಿಂಕ್, ಖಾತೆಯ ಹೆಸರು, ಸಮಯ ಕಾಗದದ ಮೇಲೆ ಬರೆದುಕೊಂಡು, ಚಿತ್ರ ಬಂದ ಫೋನನ್ನೇ ಅದೇ ದಿನ ಠಾಣೆಗೆ ಒಯ್ಯಿರಿ.

3. ಭಾಷೆಯ ತೊಡಕು ಬಿಡಿಸಿಕೊಳ್ಳಿ

ಇದು ನಮ್ಮ ಮನೆಗಳ ವಿಶೇಷ ತಾಪತ್ರಯ. ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಶಾಲೆಯಲ್ಲಿ ಇಂಗ್ಲಿಷ್, ಚಾಟ್ ಮಾತ್ರ ರೋಮನ್ ಅಕ್ಷರದ ಬಂಬಯ್ಯಾ ಹಿಂದಿ. ಪಾಲಕರಿಗೆ ಅಕ್ಷರ ಓದಲು ಬರುತ್ತದೆ, ಚುಚ್ಚು ತಿಳಿಯುವುದಿಲ್ಲ. ನಗುವ ಎಮೋಜಿ ನೋಡಿ "ತಮಾಷೆ ಮಾಡ್ತಿದಾರಲ್ಲ" ಅಂದುಬಿಡುತ್ತಾರೆ. ಮಗುವನ್ನೇ ಕೂರಿಸಿಕೊಂಡು ಪ್ರತಿ ಮಾತಿನ ಅರ್ಥ ಕೇಳಿ. ಸಂಕೋಚವಾದರೆ ಕಾಲೇಜಿಗೆ ಹೋಗುವ ಅಕ್ಕನೋ ಅಣ್ಣನೋ ಹೇಳಲಿ.

ಕಾಟ ಕನ್ನಡದಲ್ಲೋ ತುಳುವಿನಲ್ಲೋ ಇದ್ದರೆ ತೊಡಕು ಉಲ್ಟಾ: ಠಾಣೆಯ ಅಧಿಕಾರಿಗೆ ಅದು ಓದಲಾಗದು. ಪ್ರತಿ ಸ್ಕ್ರೀನ್‌ಶಾಟಿನ ಕೆಳಗೆ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಬರೆದು ಕೊಂಡೊಯ್ಯಿರಿ. ಬೈಗುಳವನ್ನು ಸಭ್ಯ ಮಾಡಬೇಡಿ. "ಅಶ್ಲೀಲವಾಗಿ ಬೈದಿದ್ದಾನೆ" ಎಂದು ಬರೆದರೆ ಏನೂ ಆಗುವುದಿಲ್ಲ, ಬೈದದ್ದೇ ಬರೆಯಬೇಕು.

ಕೇಳಿಬರುವ ಕೆಲವು ಪದಗಳು: ಟ್ರೋಲಿಂಗ್ ಅಂದರೆ ಎಲ್ಲರೆದುರು ಕೆಣಕಿ ಗೇಲಿ ಮಾಡುವುದು. ಡಾಕ್ಸಿಂಗ್ ಅಂದರೆ ಮನೆ ವಿಳಾಸ, ನಂಬರು ಬಹಿರಂಗ ಮಾಡಿ ಬೀದಿಗೆ ಬಿಡುವುದು. ಕನ್ಫೆಶನ್ ಪೇಜ್ ಎನ್ನುವುದು ಶಾಲೆ-ಕಾಲೇಜಿನ ಹೆಸರಲ್ಲಿ ಯಾರೋ ನಡೆಸುವ ಪುಟ, ಹೆಸರು ಹೇಳದೆ ಯಾರ ಬಗ್ಗೆ ಏನು ಬೇಕಾದರೂ ಕಳಿಸಬಹುದು. ಇನ್ನು ಸೆಕ್ಸ್‌ಟಾರ್ಷನ್: ಖಾಸಗಿ ಚಿತ್ರ ಇಟ್ಟುಕೊಂಡು ದುಡ್ಡು ಅಥವಾ ಇನ್ನಷ್ಟು ಚಿತ್ರ ಕೇಳುವ ಬೆದರಿಕೆ. ಇದರಲ್ಲಿ ಒಂದು ರೂಪಾಯಿಯೂ ಕೊಡಬೇಡಿ, ಕೊಟ್ಟವರನ್ನು ಅವರು ಬಿಡುವುದಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

4. ಆ್ಯಪ್‌ನಲ್ಲಿ ಮಾಡಬೇಕಾದದ್ದು

ನಕಲಿ ಖಾತೆಯನ್ನು ರಿಪೋರ್ಟ್ ಮಾಡುವಾಗ "ಬೇರೆಯವರಂತೆ ನಟಿಸುತ್ತಿದ್ದಾರೆ" ಎನ್ನುವ ಆಯ್ಕೆಯನ್ನೇ ಒತ್ತಿ, ಸುಮ್ಮನೆ "ಇಷ್ಟವಾಗಲಿಲ್ಲ" ಒತ್ತಬೇಡಿ. ಐವತ್ತು ಜನ ಬಂಧುಗಳಿಗೆ ಹೇಳಿ ರಿಪೋರ್ಟ್ ಮಾಡಿಸುವ ಚಾಳಿ ನಮ್ಮಲ್ಲಿದೆ. ಸರಿಯಾದ ಆಯ್ಕೆ ಒತ್ತಿದ ಒಂದು ರಿಪೋರ್ಟ್ ಸಾಕು, ಐವತ್ತರಿಂದ ಆಗುವುದು ಪ್ರಚಾರ.

ಕ್ಲಾಸಿನವರನ್ನೇ ಬ್ಲಾಕ್ ಮಾಡಿದರೆ "ನೋಡಿ, ಹೆದರಿದಳು" ಎಂದು ಇನ್ನೊಂದು ಸುತ್ತು ಶುರುವಾಗಬಹುದು. ಇನ್‌ಸ್ಟಾಗ್ರಾಂನ ರಿಸ್ಟ್ರಿಕ್ಟ್ ಇಂಥ ಸಂದರ್ಭಕ್ಕೇ ಇರುವುದು. ಆಗ ಅವನು ಹಾಕಿದ ಹೊಸ ಕಾಮೆಂಟ್ ಅವನಿಗೆ ಮಾತ್ರ ಕಾಣುತ್ತದೆ, ತನ್ನನ್ನು ತಡೆದಿದ್ದಾರೆ ಎಂದು ಅವನಿಗೆ ತಿಳಿಯುವುದಿಲ್ಲ. ವಾಟ್ಸಾಪ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಗ್ರೂಪಿಗೆ ಯಾರು ಸೇರಿಸಬಹುದು ಎಂಬಲ್ಲಿ "ಎಲ್ಲರೂ" ಇದ್ದರೆ ತೆಗೆಯಿರಿ.

ಖಾಸಗಿ ಚಿತ್ರವಾದರೆ ಎರಡು ಉಚಿತ ಸೇವೆಗಳಿವೆ: ಹದಿನೆಂಟರೊಳಗಿನವರ ಚಿತ್ರಕ್ಕೆ ಟೇಕ್ ಇಟ್ ಡೌನ್, ದೊಡ್ಡವರಿಗೆ ಸ್ಟಾಪ್ ಎನ್‌ಸಿಐಐ. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರಿಂದ ಹ್ಯಾಶ್ ಎನ್ನುವ ಸಂಖ್ಯೆಯ ಗುರುತು, ಬೆರಳಚ್ಚಿನಂಥದ್ದು, ತಯಾರಾಗಿ ಅದಷ್ಟೇ ಹೋಗುತ್ತದೆ. ಸೇವೆಗೆ ಸೇರಿದ ಕಂಪನಿಗಳು ಆ ಗುರುತಿಗೆ ಹೊಂದುವ ಚಿತ್ರವನ್ನು ಹುಡುಕಿ ತಡೆಯುತ್ತವೆ. ಇದರ ಹೊರತಾಗಿ 2021ರ ಐಟಿ ನಿಯಮಗಳು ಇಂಥ ಚಿತ್ರದ ಬಗ್ಗೆ ದೂರು ಬಂದರೆ 24 ಗಂಟೆಯೊಳಗೆ ತೆಗೆಯಬೇಕೆಂದು ಕಂಪನಿಗಳಿಗೆ ಗಡುವು ಹಾಕಿದವು. ತೆಗೆದ ಮಾಹಿತಿಯನ್ನು ತನಿಖೆಗಾಗಿ 180 ದಿನ ಕಾದಿಡಬೇಕೆಂಬುದೂ ಅದೇ ನಿಯಮಗಳಲ್ಲಿದೆ. ಪೋಸ್ಟ್ ಮಾಯವಾಯಿತು ಎಂದು ಪೊಲೀಸ್ ದೂರನ್ನು ವರ್ಷ ಮುಂದೂಡಬೇಡಿ.

5. ಶಾಲೆ, ಆಮೇಲೆ ಠಾಣೆ

ಕ್ಲಾಸಿನವರದ್ದೇ ಕೆಲಸವಾಗಿದ್ದು, ಬೆದರಿಕೆ, ನಕಲಿ ಖಾತೆ, ಅಶ್ಲೀಲ ಚಿತ್ರ ಯಾವುದೂ ಇಲ್ಲದಿದ್ದರೆ ಶಾಲೆಯಿಂದ ಶುರುಮಾಡಿ. ಬಾಯಿಮಾತು ಸಾಲದು. ಪ್ರಿನ್ಸಿಪಾಲರಿಗೆ ಒಂದು ಪುಟದ ಪತ್ರ, ಜೊತೆಗೆ ಪ್ರಿಂಟ್, ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಮುದ್ರೆ. "ಇದು ಶಾಲೆಯ ಹೊರಗೆ ನಡೆದದ್ದು" ಎಂಬ ಉತ್ತರ ಬಂದೇ ಬರುತ್ತದೆ. ಮೆಸೇಜ್ ಹೊರಗೆ ಬಂದಿರಬಹುದು, ನಗು ಬೆಂಚಿನ ಮೇಲೆ ನಡೆಯುತ್ತಿದೆ ಎಂದು ಹೇಳಿ. ಸಿಬಿಎಸ್‌ಇ ಶಾಲೆಯಾದರೆ ಬೆದರಿಸುವಿಕೆ ತಡೆಯಲು ಸಮಿತಿ ಇರಬೇಕೆಂದು ಮಂಡಳಿ 2015ರಲ್ಲೇ ಸೂಚಿಸಿದೆ. ಏನು ಬೇಕು ಎನ್ನುವುದನ್ನು ಸ್ಪಷ್ಟವಾಗಿ ಕೇಳಿ: ಪೋಸ್ಟ್ ತೆಗೆಸುವುದು, ಡಿವಿಷನ್ ಬದಲು, ಮಗು ಹೋಗಿ ಮಾತಾಡಬಹುದಾದ ಒಬ್ಬ ಟೀಚರ್. ಇಬ್ಬರು ಮಕ್ಕಳನ್ನೂ ಎದುರುಬದುರು ನಿಲ್ಲಿಸಿ "ಸಾರಿ ಹೇಳು, ಕೈ ಕುಲುಕು" ಎಂಬ ನಾಟಕಕ್ಕೆ ಒಪ್ಪಬೇಡಿ. ಅಂದು ಸಂಜೆಯೇ ಅದೂ ಮೀಮ್ ಆಗುತ್ತದೆ.

ಕಾಲೇಜಿನಲ್ಲಿ ಸೀನಿಯರುಗಳ ಕಾಟವಾದರೆ ನಿಮ್ಮ ಕೈಯಲ್ಲಿ ಬಲವಾದ ಅಸ್ತ್ರವಿದೆ. ಮಹಾರಾಷ್ಟ್ರಕ್ಕೆ 1999ರಿಂದಲೇ ತನ್ನದೇ ರ‍್ಯಾಗಿಂಗ್ ನಿಷೇಧ ಕಾಯ್ದೆಯಿದೆ. ಲಿಖಿತ ದೂರು ಬಂದ ಏಳು ದಿನದೊಳಗೆ ಸಂಸ್ಥೆಯ ಮುಖ್ಯಸ್ಥರು ವಿಚಾರಣೆ ನಡೆಸಬೇಕು. ಯುಜಿಸಿಯ ರ‍್ಯಾಗಿಂಗ್ ಸಹಾಯವಾಣಿ 1800-180-5522.

ಸಂಘದ ಹಿರಿಯರ ಮೂಲಕ "ಒಳಗೊಳಗೇ" ಮುಗಿಸುವ ಸಲಹೆಯೂ ಬರುತ್ತದೆ, ಅದರಲ್ಲೂ ಎರಡೂ ಮನೆಯವರು ನಮ್ಮವರೇ ಆಗಿದ್ದರೆ. ಹಿರಿಯರ ಮಾತಿನಿಂದ ನಿಂತರೆ ಸಂತೋಷ. ಆದರೆ ಲೈಂಗಿಕ ಸ್ವರೂಪದ್ದಾದರೆ ರಾಜಿ ಮಾಡಿಸಲು ಅವರಿಗೆ ಅಧಿಕಾರವಿಲ್ಲ. ಪೋಕ್ಸೋ 19ನೇ ಕಲಮಿನಂತೆ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಹಿರಿಯರೂ, ಪ್ರಿನ್ಸಿಪಾಲರೂ ಅದರಲ್ಲಿ ಸೇರಿದರು.

ಇನ್ನು ಠಾಣೆ. ಮೊದಲು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ಜಾಲತಾಣದಲ್ಲಿ ದೂರು ಹಾಕಿ. ಮಹಿಳೆ ಮತ್ತು ಮಕ್ಕಳಿಗೆ ಸಂಬಂಧಿಸಿದ ವಿಭಾಗ ಬೇರೆಯಿದೆ, ಅಲ್ಲಿ ಹೆಸರು ಹೇಳದೆಯೂ ತಿಳಿಸಬಹುದು. ಆದರೆ ಮುಂದುವರಿದ ಸುದ್ದಿ ಗೊತ್ತಾಗಬೇಕಾದರೆ ಹೆಸರು ಕೊಟ್ಟೇ ಹಾಕಿ. ಸಿಕ್ಕ ಸಂಖ್ಯೆಯನ್ನು ಬರೆದುಕೊಳ್ಳಿ. ಇದು ಎಫ್‌ಐಆರ್ ಅಲ್ಲ, ಎಫ್‌ಐಆರ್‌ಗಾಗಿ ಠಾಣೆಗೆ ಹೋಗಬೇಕು. ಸೈಬರ್ ಠಾಣೆಗೇ ಹೋಗಬೇಕೆಂದಿಲ್ಲ, ಐಟಿ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ದರ್ಜೆಯ ಯಾವ ಅಧಿಕಾರಿಯೂ ತನಿಖೆ ಮಾಡಬಹುದು.

"ನಮ್ಮ ಹದ್ದಿಗೆ ಬರೋದಿಲ್ಲ" ಎಂಬ ಮಾತು ಇಲ್ಲಿ ಹೆಚ್ಚು ಕೇಳುತ್ತದೆ, ಯಾಕೆಂದರೆ ನಮ್ಮ ಬದುಕೇ ಹದ್ದುಗಳ ಮೇಲೆ ಹರಡಿದೆ. ಮನೆ ಡೊಂಬಿವಲಿಯಲ್ಲಿ, ಅದು ಥಾಣೆ ನಗರದ ಪೊಲೀಸ್ ಕಮಿಷನರೇಟ್. ಕಾಲೇಜು ಮಾಟುಂಗದಲ್ಲಿ, ಮುಂಬಯಿ ಪೊಲೀಸ್. ಕಾಟ ಕೊಟ್ಟವನು ಮೀರಾ ರೋಡಿನವನಾದರೆ ಮೂರನೆಯ ಕಮಿಷನರೇಟ್. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಇದಕ್ಕೆ ಉತ್ತರ: ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು, ಅದನ್ನೇ ಝೀರೋ ಎಫ್‌ಐಆರ್ ಅನ್ನುತ್ತಾರೆ. ನೀವು ಹೇಳಿದ್ದನ್ನು ಮರಾಠಿಯಲ್ಲಿ ಬರೆದುಕೊಂಡರೆ ಓದಿ ಹೇಳಿಸಿಕೊಂಡೇ ಸಹಿ ಹಾಕಿ. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಅದೇ ಕಲಮಿನಡಿ ಡಿಸಿಪಿಗೆ ಲಿಖಿತವಾಗಿ ಅಂಚೆಯಲ್ಲಿ ಕಳಿಸಿ.

"ಎನ್‌ಸಿ ಬರೆದುಕೊಂಡು ಕಳಿಸಿದರು" ಎನ್ನುವುದು ಇನ್ನೊಂದು ದೂರು. ಎನ್‌ಸಿ ಎಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧ. ಬರೀ ಬೈಗುಳ, ಮಾನಹಾನಿ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ನಕಲಿ ಖಾತೆಗೆ ಐಟಿ ಕಾಯ್ದೆಯ 66ಸಿ, 66ಡಿ, ಖಾಸಗಿ ಅಂಗದ ಚಿತ್ರಕ್ಕೆ 66ಇ, ಅಶ್ಲೀಲಕ್ಕೆ 67, ಹುಡುಗಿಯನ್ನು ಬಿಡದೆ ಹಿಂಬಾಲಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗಕ್ಕೆ ಬಂದ ಕಾನೂನು) 78 ಹಾಕಬಹುದು, ಇವು ಎನ್‌ಸಿ ಅಲ್ಲ. ಯಾರಾದರೂ ತಿಳಿದವರು "66ಎ ಹಾಕಿಸಿ" ಎಂದರೆ ನಂಬಬೇಡಿ. ಇಲ್ಲೇ ಪಕ್ಕದ ಪಾಲ್ಘರ್‌ನಲ್ಲಿ 2012ರಲ್ಲಿ ಒಂದು ಫೇಸ್‌ಬುಕ್ ಪೋಸ್ಟಿಗಾಗಿ ಇಬ್ಬರು ಯುವತಿಯರನ್ನು ಬಂಧಿಸಿದ ಮೇಲೆ ಎದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಆ ಕಲಮನ್ನೇ ರದ್ದು ಮಾಡಿತು.

ಕಾಟ ಕೊಟ್ಟವನೂ ಹದಿನೆಂಟರೊಳಗಿನವನಾದರೆ ದಾರಿ ಬೇರೆ. ತೀರಾ ಘೋರ ಅಪರಾಧವಲ್ಲದಿದ್ದರೆ ಅವನ ಮೇಲೆ ಎಫ್‌ಐಆರ್ ಹಾಕದೆ, ಮಕ್ಕಳ ವಿಷಯ ನೋಡುವ ಪೊಲೀಸ್ ಅಧಿಕಾರಿ ಮಾಹಿತಿ ದಾಖಲಿಸಿ ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ಪೊಲೀಸರು ಕೈಚೆಲ್ಲಿದರು ಎಂದು ತಿಳಿಯಬೇಡಿ, ಕಾನೂನಿನ ಕ್ರಮವೇ ಅದು. ಪೋಕ್ಸೋ ಪ್ರಕರಣದಲ್ಲಿ ನಿಮ್ಮ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ತೆಗೆದುಕೊಳ್ಳಿ ಎಂದು ಕೇಳಬಹುದು, ಬರುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು.

6. ಮೈ ಮತ್ತು ಮನಸ್ಸು

ಸೋಮವಾರ ಬೆಳಿಗ್ಗೆ ಮಾತ್ರ ಹೊಟ್ಟೆನೋವು. ಮೆಸೇಜ್ ಸದ್ದಿಗೆ ಬೆಚ್ಚುವುದು. ದಿನಾ ಗೆಳತಿಯರ ಜೊತೆ ಹೋಗುತ್ತಿದ್ದ 7.12ರ ಲೋಕಲ್ ಬಿಟ್ಟು ಒಬ್ಬಳೇ ಮುಂದಿನದಕ್ಕೆ ಹೋಗುವುದು. ಖಾತೆ ಅಳಿಸುವುದು, ಮತ್ತೆ ತೆರೆಯುವುದು. ಡಬ್ಬಿ ಹಾಗೇ ವಾಪಸು ಬರುವುದು. ನಿದ್ದೆ ಹೋದರೆ ಓದು ಹೋಗುತ್ತದೆ, ಮಾರ್ಕು ಬಿದ್ದರೆ ಮನೆಯಲ್ಲೂ ಬೈಗುಳ, ಹೀಗೆ ಎರಡು ಕಡೆಯಿಂದ ಅಮುಕುತ್ತದೆ. ಈ ಅವಧಿಯಲ್ಲಿ ಮಾರ್ಕಿನ ಮಾತು ಬಿಟ್ಟುಬಿಡಿ.

ಎರಡು ವಾರವಾದರೂ ಹೀಗೇ ಇದ್ದರೆ ಡಾಕ್ಟರರ ಹತ್ತಿರ ಹೋಗಿ. ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಾಯನ್ ಆಸ್ಪತ್ರೆ, ಈ ಮೂರೂ ಪಾಲಿಕೆ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗವಿದೆ, ಖರ್ಚು ಕಡಿಮೆ. "ಜನ ಏನಂತಾರೆ" ಅನ್ನುವವರಿಗೆ ನನ್ನ ಉತ್ತರ: ಆ ಓಪಿಡಿ ಸಾಲಿನಲ್ಲಿ ನಿಮ್ಮ ಗುರುತಿನವರು ಸಿಕ್ಕರೆ ಅವರೂ ಅದಕ್ಕೇ ಬಂದವರು. ಮನೆಯಿಂದಲೇ ಮಾತಾಡಬೇಕಾದರೆ ಟೆಲಿ-ಮಾನಸ್, 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಉಚಿತ ಸರ್ಕಾರಿ ಸೇವೆ, ಹಗಲೂ ರಾತ್ರಿ, ಕನ್ನಡದಲ್ಲೂ ಸಿಗುತ್ತದೆ. ಊರಿನಿಂದ ಬಂದ ಅಜ್ಜಿಯೂ ಕೇಳಿ ತಿಳಿಯಬಹುದು. ಮಕ್ಕಳೇ ನೇರವಾಗಿ ಕರೆ ಮಾಡಬಹುದಾದದ್ದು ಮಕ್ಕಳ ಸಹಾಯವಾಣಿ 1098.

ಸಾವಿನ ಮಾತು ಬಂದರೆ: ಒಂಟಿಯಾಗಿ ಬಿಡಬೇಡಿ, ರಾತ್ರಿ ಅದೇ ಕೋಣೆಯಲ್ಲಿ ಮಲಗಿ. "ಸಾಯಬೇಕು ಅನಿಸ್ತಾ ಇದೆಯಾ?" ಎಂದು ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮನೆಯಲ್ಲಿರುವ ಮಾತ್ರೆಗಳಿಗೆ ಬೀಗ ಹಾಕಿ. 14416ಕ್ಕೆ ಕರೆ ಮಾಡಿ, ಕೈಮೀರುತ್ತಿದ್ದರೆ 112, ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗ.

7. ಕಾಟ ಕೊಟ್ಟದ್ದು ನಿಮ್ಮ ಮಗುವೇ ಆಗಿದ್ದರೆ

ಇದನ್ನು ಊಟದ ಸಾಲಿನಲ್ಲಿ ಯಾರೂ ಕೇಳಿಲ್ಲ. ಆದರೂ ಪ್ರತಿ ಗ್ರೂಪಿನ ಆಚೆ ತುದಿಯಲ್ಲಿ ಯಾರದೋ ಮಗು ಇದ್ದೇ ಇರುತ್ತದೆ.

ಸಾಕ್ಷಿ ಅಳಿಸಿಹಾಕು ಎಂದು ಹೇಳಿಕೊಡಬೇಡಿ, ಅದು ಇನ್ನೊಂದು ಅಪರಾಧವಾಗಬಹುದು. ಶಾಲೆ ಅಥವಾ ಪೊಲೀಸರು ಕರೆದಿದ್ದರೆ ಎಲ್ಲವೂ ಇದ್ದಂತೆ ಇರಲಿ, ವಕೀಲರನ್ನು ಕೇಳಿ ಮುಂದುವರಿಯಿರಿ. ವಿಷಯ ಅಲ್ಲಿಗೆ ಹೋಗಿಲ್ಲ ಅಂದರೆ ಎಲ್ಲರಿಗೂ ಕಾಣುವ ಪೋಸ್ಟನ್ನು ನಿಮ್ಮ ಎದುರೇ ತೆಗೆಸಿ, ಆದರೆ ಏನಿತ್ತು ಎಂಬುದನ್ನು ಮುಚ್ಚಿಡಬೇಡಿ. ಹೊಡೆಯಬೇಡಿ. ಯಾರು ಶುರುಮಾಡಿದರು, ಇವನು ಯಾಕೆ ಸೇರಿಕೊಂಡ ಎಂದು ಕೇಳಿ. ತನ್ನ ಸರದಿ ಬಾರದಿರಲಿ ಎಂದೇ ನಗುವವರ ಗುಂಪಿಗೆ ಸೇರಿದವರು ಬಹಳ. ಆ ಮನೆಗೆ ಫೋನ್ ಮಾಡುವುದಾದರೆ ನೀವು ಮಾಡಿ, ಶಾಲೆಯ ಮೂಲಕ ಮಾಡಿ. "ಮಕ್ಕಳಾಟ, ಬಿಟ್ಟುಬಿಡಿ" ಎಂದು ಮಾತು ಶುರುಮಾಡಬೇಡಿ. ಆ ಮಗು ಈಗ ಶಾಲೆಗೆ ಹೋಗುತ್ತಿದೆಯೇ ಎಂದು ಮೊದಲು ಕೇಳಿ.